ನೂರು ನೈರಾ ನೋಟಿನ ಮೇಲಿನ ವಕೀಲರು

ನೈಜೀರಿಯಾದ ಕೇಂದ್ರ ಬ್ಯಾಂಕ್ 1999ರಲ್ಲಿ ಚಲಾವಣೆಗೆ ತಂದ ಕಾಗದದ ನೋಟು ಇದು. ಚಿತ್ರದಲ್ಲಿರುವವರು ಒಬಾಫೆಮಿ ಅವೊಲೊವೊ (1909–1987).

ಇಕೆನ್ನೆ ಊರಿನ ರೈತನ ಮಗ. ಮೇಷ್ಟರಾದರು, ಶೀಘ್ರಲಿಪಿಕಾರರಾದರು, ಪತ್ರಿಕೆಗೆ ವರದಿ ಬರೆದರು, ವ್ಯಾಪಾರಕ್ಕೂ ಕೈಹಾಕಿದರು. ಲಂಡನ್ನಿನಲ್ಲಿ ಓದಿ 1946ರಲ್ಲಿ ಬ್ಯಾರಿಸ್ಟರ್ ಆದಾಗ ವಯಸ್ಸು 37. ಇಬಾದಾನ್‌ನಲ್ಲಿ ವಕೀಲಿಕೆ ಹೂಡಿದವರು 1951ರಲ್ಲಿ ‘ಆ್ಯಕ್ಷನ್ ಗ್ರೂಪ್’ ಪಕ್ಷ ಕಟ್ಟಿದರು. ಪಶ್ಚಿಮ ಪ್ರಾಂತ್ಯದ ಪ್ರೀಮಿಯರ್ ಆಗಿ 1955ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕವನ್ನೇ ತೆಗೆದುಹಾಕಿದರು. ಅವರ ದೊಡ್ಡ ಸಾಧನೆ ಇದೇ.

1963ರಲ್ಲಿ ರಾಜದ್ರೋಹದ ಮೊಕದ್ದಮೆಯಲ್ಲಿ 10 ವರ್ಷ ಜೈಲು ಶಿಕ್ಷೆಯಾಯಿತು. 1966ರಲ್ಲಿ ಬಿಡುಗಡೆ, ಮರುವರ್ಷವೇ ದೇಶದ ಹಣಕಾಸಿನ ಹೊಣೆ! ಅಧ್ಯಕ್ಷಗಿರಿ ಮಾತ್ರ 1979ರಲ್ಲೂ 1983ರಲ್ಲೂ ಕೈಗೆಟುಕಲಿಲ್ಲ.

ಗುಂಡು ಕನ್ನಡಕ ಮತ್ತು ಟೋಪಿಯನ್ನು ಗಮನಿಸಿ. ನೈಜೀರಿಯಾದಲ್ಲಿ ಆ ಬಗೆಯ ಟೋಪಿಗೆ ಇಂದಿಗೂ ‘ಅವೊ ಟೋಪಿ’ ಎಂದೇ ಹೆಸರು.