ಮಗ್ಗುಲು ತಿರುಗಿಸಿದ ಕೈಗಳು

ಹಳೆಯ ಮೈಸೂರು ಸೀಮೆಯ ಗ್ರಾಮವ್ಯವಸ್ಥೆಯಲ್ಲಿ ಹನ್ನೆರಡು ಮಂದಿ ಆಯಗಾರರಿದ್ದರೆಂಬುದೂ, ಅವರು ತಂತಮ್ಮ ಕಸುಬಿಗೆ ಪ್ರತಿಯಾಗಿ ಸುಗ್ಗಿಯ ಕಾಲದಲ್ಲಿ ಕಣದಿಂದ ಧಾನ್ಯದ ಪಾಲನ್ನು ಪಡೆಯುತ್ತಿದ್ದರೆಂಬುದೂ ಗ್ಯಾಸೆಟಿಯರುಗಳನ್ನು ಓದಿದವರಿಗೆಲ್ಲ ತಿಳಿದ ಸಂಗತಿ. ಶಿರಾ ತಾಲ್ಲೂಕಿನ ಮದಲೂರಾಗಲಿ, ಅದರ ಸುತ್ತಣ ಮಧುಗಿರಿ, ಕೊರಟಗೆರೆ, ಪಾವಗಡಗಳ ಹಳ್ಳಿಗಳಾಗಲಿ ಈ ಏರ್ಪಾಡಿಗೆ ಹೊರತಾಗಿರಲಿಲ್ಲ. ಆಯ ಪಡೆದವರನ್ನೂ ಪಡೆಯದೆ ದುಡಿದವರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಚಿತ್ರ ಕಂಡುಬರುತ್ತದೆ. ಮಗು ಹುಟ್ಟುವಾಗ ಬರತಕ್ಕವಳು ಯಾರೆಂಬುದು ಊರಿಗೆಲ್ಲ ಗೊತ್ತಿತ್ತು. ಪ್ರಾಣ ಹೋದ ಮೇಲೆ ಮಡಿ ಹಾಸತಕ್ಕ ಅಗಸ, ಕ್ಷೌರ ಮಾಡತಕ್ಕ ನಾಯಿಂದ, ನೆಂಟರ ಊರುಗಳಿಗೆ ಸುದ್ದಿಯನ್ನು ಒಯ್ಯತಕ್ಕವನು, ಗುಂಡಿ ತೋಡತಕ್ಕವನು, ಮುಂದೆ ನಡೆದು ತಮಟೆ ಬಡಿಯತಕ್ಕವನು, ಎಲ್ಲರೂ ಗೊತ್ತಾದವರೇ. ಆದರೆ ಈ ಎರಡರ ನಡುವೆ ವಾರಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಎದ್ದೇಳಲಾರದೆ ಹಾಸಿಗೆ ಹಿಡಿದು ಮಲಗಿದವರ ಪಕ್ಕದಲ್ಲಿ ಕುಳಿತು ಬಾಯಿಗೆ ನೀರು ಬಿಡತಕ್ಕವರಿಗೆ ಮಾತ್ರ ಆಯವಿಲ್ಲ, ಕಸುಬೆಂಬ ಮಾನ್ಯತೆಯಿಲ್ಲ. ಆ ಕೆಲಸ ಮನೆಯ ಹೆಂಗಸರದು, ಅದರಲ್ಲಿಯೂ ಸೊಸೆಯದು.

ಹೆರಿಗೆಯ ವಿದ್ಯೆಗೆ ಈ ಸೀಮೆಯಲ್ಲಿ ದೊರೆತ ಗೌರವವನ್ನು ನೆನೆದರೆ ಈ ಅಂತರ ಇನ್ನೂ ಸ್ಫುಟವಾಗುತ್ತದೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಅಜ್ಜಿಯಿಂದ ವಿದ್ಯೆಯನ್ನು ಕಲಿತು, ಸುಮಾರು ಎಪ್ಪತ್ತು ವರ್ಷಗಳ ಕಾಲ 15,000ಕ್ಕೂ ಮಿಕ್ಕ ಹೆರಿಗೆಗಳನ್ನು ಹಣ ಮುಟ್ಟದೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪುರಸ್ಕಾರವನ್ನು ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಗೌರವ ಅವರಿಗೆ ಎಷ್ಟೋ ಮೊದಲೇ ಸಲ್ಲಬೇಕಾಗಿತ್ತು. ಆದರೆ ಅಷ್ಟೇ ವರ್ಷ ಅತ್ತೆಯನ್ನೂ, ಮಾವನನ್ನೂ, ಕಡೆಗೆ ಗಂಡನನ್ನೂ ಮಗ್ಗುಲು ತಿರುಗಿಸಿ, ಮಲಮೂತ್ರಗಳನ್ನು ಬಳಿದು, ಹುಣ್ಣಿಗೆ ಬೇವಿನ ನೀರು ಹಾಕಿದ ಸಾವಿರಾರು ಹೆಂಗಸರ ಪೈಕಿ ಒಬ್ಬಳ ಹೆಸರಾದರೂ ಯಾವ ದಾಖಲೆಯಲ್ಲಿಯೂ ಉಳಿದಿಲ್ಲ. ಹುಟ್ಟಿಗೆ ಒಂದು ರಾತ್ರಿಯ ಶ್ರಮ, ಕೊನೆಗೆ ಕೈಯಲ್ಲಿ ಕೂಸು. ಸಾವಿಗೆ ತಿಂಗಳುಗಳ ಶ್ರಮ, ಕೊನೆಗೆ ಸೂತಕ. ಜನ ಯಾವುದನ್ನು ಹಾಡಿ ಹೊಗಳುತ್ತಾರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಸಾಯುವವರ ಸುತ್ತ ಆಚಾರಗಳೇನೋ ದಂಡಿಯಾಗಿದ್ದವು. ಮಂಚದ ಮೇಲೆ ಪ್ರಾಣ ಹೋಗಕೂಡದೆಂದು ನೆಲಕ್ಕೆ ಇಳಿಸುವುದು. ಬಾಯಿಗೆ ತುಳಸಿಯ ನೀರನ್ನೋ ಗಂಗೆಯನ್ನೋ ಬಿಡುವುದು. ಲಿಂಗವಂತರಾದರೆ ಹಣೆಗೆ ವಿಭೂತಿ ಧರಿಸುವುದು. ಜೀವ ಬೇಗ ಹೋಗದಿದ್ದರೆ “ಯಾರನ್ನೋ ನೋಡ್ಬೇಕು ಅಂತ ಹಿಡ್ಕಂಡವ್ರೆ” ಎಂದು ದೂರದ ಮಗಳಿಗೆ ಹೇಳಿಕಳುಹಿಸುವುದು. ಇವುಗಳಲ್ಲಿ ಕರುಣೆಯ ಅಂಶವಿಲ್ಲವೆನ್ನಲಾಗದು. ಆದರೆ ಭಯದ ಅಂಶವೂ ಸಾಕಷ್ಟಿತ್ತು. ಧನಿಷ್ಠಾ ಪಂಚಕದಂಥ ನಕ್ಷತ್ರದಲ್ಲಿ ಮನೆಯೊಳಗೆ ಸಾವಾದರೆ ಮೂರು ತಿಂಗಳೋ ಆರು ತಿಂಗಳೋ ಆ ಮನೆಯನ್ನು ಬಿಟ್ಟು ಬೀಗ ಹಾಕಬೇಕೆಂಬ ನಂಬಿಕೆ ಬಲವಾಗಿದ್ದುದರಿಂದ, ಪಂಚಾಂಗವನ್ನು ನೋಡಿ ರೋಗಿಯನ್ನು ಪಡಸಾಲೆಗೋ, ಜಗಲಿಗೋ, ದನದ ಕೊಟ್ಟಿಗೆಯ ಪಕ್ಕದ ಚಪ್ಪರಕ್ಕೋ ಸಾಗಿಸಿದ್ದುಂಟು. ಒಂದೇ ಮನೆಯುಳ್ಳ ಬಡವನು ಆರು ತಿಂಗಳು ಎಲ್ಲಿಗೆ ಹೋಗಬೇಕು? ಅವನನ್ನು ನಿರ್ದಯನೆಂದು ಜರೆಯುವುದು ಸುಲಭವಾದರೂ ನ್ಯಾಯವಲ್ಲ.

ಇಂಥ ಶುಶ್ರೂಷೆಯನ್ನು ವ್ಯವಸ್ಥೆಗೊಳಿಸಿ, ನಿಯಮಗಳನ್ನು ಕಟ್ಟಿ, ಗ್ರಂಥಸ್ಥಗೊಳಿಸಿದವರು ಈ ನಾಡಿನಲ್ಲಿ ಯಾರೂ ಇರಲಿಲ್ಲವೆ? ಇದ್ದರು, ಅವರು ಜೈನ ಮುನಿಗಳು. ಪಾವಗಡದ ಬಳಿಯ ನಿಡುಗಲ್ಲು ದುರ್ಗದಲ್ಲಿ ಹದಿಮೂರನೆಯ ಶತಮಾನದಲ್ಲಿ ಇರುಂಗೋಳನ ಆಳಿಕೆಯ ಕಾಲಕ್ಕೆ ಬಸದಿಯಿತ್ತು. ಶಿರಾದ ಗಡಿಯಾಚೆ, ಇಂದು ಆಂಧ್ರಕ್ಕೆ ಸೇರಿದ ಅಮರಾಪುರದಲ್ಲಿ, ಸಮಾಧಿವಿಧಿಯಿಂದ ದೇಹವನ್ನು ಬಿಟ್ಟವರ ನಿಸಿಧಿ ಕಲ್ಲುಗಳು ಕನ್ನಡ ಶಾಸನಗಳೊಡನೆ ದೊರೆತಿವೆ. ಹೀಗೆ ಆಹಾರವನ್ನು ತೊರೆದು ದೇಹ ಬಿಡುವ ಸಲ್ಲೇಖನವು ವ್ರತ, ರೋಗಶುಶ್ರೂಷೆಯಲ್ಲ. ಅವೆರಡನ್ನೂ ಒಂದೇ ಎನ್ನುವುದು ಎರಡಕ್ಕೂ ಮಾಡುವ ಅಪಚಾರ. ಹಾಗಿದ್ದರೂ ವ್ರತ ಹಿಡಿದ ಕ್ಷಪಕನ ಶರೀರವು ಎಲ್ಲರ ಶರೀರದಂತೆಯೇ ಸೊರಗುತ್ತದೆ, ನೋಯುತ್ತದೆ, ಮಲಿನವಾಗುತ್ತದೆ. ಆದಕಾರಣ ಶಿವಾರ್ಯನು ಪ್ರಾಕೃತದಲ್ಲಿ ರಚಿಸಿದ ಭಗವತೀ ಆರಾಧನೆಯು ಕ್ಷಪಕನ ಸೇವೆಗೆ ನಿರ್ಯಾಪಕರೆಂಬ 48 ಮಂದಿ ಮುನಿಗಳನ್ನು ನಾಲ್ವರು ನಾಲ್ವರಾಗಿ ವಿಭಾಗಿಸಿ ನೇಮಿಸುತ್ತದೆ. ನಾಲ್ವರು ಅವನನ್ನು ಎತ್ತಿ ಕೂರಿಸಿ ಮಗ್ಗುಲು ತಿರುಗಿಸಬೇಕು; ನಾಲ್ವರು ಧರ್ಮಕಥೆಯನ್ನು ಹೇಳಬೇಕು; ಇನ್ನು ಕೆಲವರು ಆಹಾರಪಾನಗಳನ್ನು ತರಬೇಕು, ಮಲವನ್ನು ತೆಗೆದು ಹಾಸನ್ನು ಶುದ್ಧಮಾಡಬೇಕು, ಬಾಗಿಲಲ್ಲಿ ನಿಂತು ನುಗ್ಗುವ ಜನವನ್ನು ತಡೆಯಬೇಕು, ರಾತ್ರಿಯೆಲ್ಲ ಎಚ್ಚರವಿರಬೇಕು. ನುಗ್ಗುವ ಜನರನ್ನು ತಡೆಯುವುದಕ್ಕೆ ಪ್ರತ್ಯೇಕವಾಗಿ ಮುನಿಗಳನ್ನು ನೇಮಿಸಿದ ಆ ಗ್ರಂಥಕಾರನು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವನೇ ಇರಬೇಕು.

ಅಷ್ಟು ಮಂದಿ ದೊರೆಯದಿದ್ದರೆ ಸಂಖ್ಯೆಯನ್ನು ಇಳಿಸಬಹುದು. ಆದರೆ ಎರಡಕ್ಕಿಂತ ಕೆಳಗೆ ಇಳಿಸಕೂಡದೆಂದು ಅದೇ ಗ್ರಂಥ ಕಟ್ಟುನಿಟ್ಟಾಗಿ ವಿಧಿಸುತ್ತದೆ. ಏತಕ್ಕೆಂದರೆ ಒಬ್ಬನೇ ಇದ್ದರೆ, ಅವನು ಭಿಕ್ಷೆಗೆ ಹೋದಾಗ ಕ್ಷಪಕನು ಅನಾಥನಾಗುತ್ತಾನೆ, ಹೋಗದಿದ್ದರೆ ತಾನೇ ಕೆಡುತ್ತಾನೆ, ಇಬ್ಬರಿಗೂ ಹಾನಿ. ಸಾವಿರ ವರ್ಷಗಳಿಗೂ ಹಿಂದೆ ಬರೆದ ಈ ವಿಧಿಯಲ್ಲಿರುವಷ್ಟು ವಿವೇಕವನ್ನು ನಾನು ಆಸ್ಪತ್ರೆಗಳ ಎಷ್ಟೋ ಸೂಚನಾಪತ್ರಗಳಲ್ಲಿ ಕಂಡಿಲ್ಲ. ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ನೋವಿನಿಂದ ಮನಸ್ಸು ಕದಲಿದ ಕ್ಷಪಕನಿಗೆ ಕವಚದಂತೆ ಧೈರ್ಯ ತುಂಬುವುದಕ್ಕಾಗಿ, ಕಷ್ಟಗಳನ್ನು ಸಹಿಸಿದ ಮಹಾಪುರುಷರನ್ನು ಆ ಗ್ರಂಥದ ಗಾಹೆಗಳು ನೆನಪಿಸುತ್ತವೆ. ಅವುಗಳಲ್ಲಿ ಹತ್ತೊಂಬತ್ತನ್ನು ಹಿಡಿದು ವಿಸ್ತಾರವಾಗಿ ಹೇಳಿದ ಕಥೆಗಳೇ ನಮ್ಮ ವಡ್ಡಾರಾಧನೆ. ಕನ್ನಡ ಗದ್ಯದ ಪ್ರಾಚೀನ ಕೃತಿಯೊಂದು ಸಾಯುವವನ ಹಾಸಿಗೆಯ ಪಕ್ಕದ ಮಾತಿನಿಂದ ಬೆಳೆಯಿತೆಂಬುದನ್ನು ನಮ್ಮ ಸಾಹಿತ್ಯಚರಿತ್ರೆಗಳು ಸಾಕಷ್ಟು ಒತ್ತಿ ಹೇಳಿಲ್ಲವೆಂದು ನನ್ನ ಭಾವನೆ.

ಇಷ್ಟೆಲ್ಲ ವ್ಯವಸ್ಥೆಯಿದ್ದರೂ ಕಲ್ಲಿನ ಮೇಲೆ ಉಳಿದವರು ಯಾರು? 1131ರಲ್ಲಿ ಶಿವಗಂಗೆಯಲ್ಲಿ ಹೊಯ್ಸಳ ರಾಣಿ ಶಾಂತಲಾದೇವಿ ತೀರಿಕೊಂಡ ಬಳಿಕ ಆಕೆಯ ತಾಯಿ ಮಾಚಿಕಬ್ಬೆ ಶ್ರವಣಬೆಳಗೊಳದಲ್ಲಿ ಒಂದು ತಿಂಗಳು ಉಪವಾಸವಿದ್ದು ದೇಹವನ್ನು ಬಿಟ್ಟಳೆಂದು ಶಾಸನ ಹೇಳುತ್ತದೆ; ಸಾಕ್ಷಿಗಳಾಗಿದ್ದ ಮುನಿಗಳ ಹೆಸರುಗಳನ್ನೂ ಹೇಳುತ್ತದೆ. ಆ ಒಂದು ತಿಂಗಳು ಆ ವೃದ್ಧೆಯ ತುಟಿಯನ್ನು ಒದ್ದೆ ಮಾಡಿದವಳ, ಸೀರೆಯನ್ನು ಬದಲಿಸಿದವಳ ಹೆಸರು ಮಾತ್ರ ಅಲ್ಲಿಲ್ಲ.

ನಮ್ಮ ಕಾಲದ ಏರ್ಪಾಡು ಬಂದದ್ದು ಬೇರೆ ದಾರಿಯಿಂದ. ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಎಂಬಾಕೆ ಮೊದಲು ದಾದಿಯಾಗಿ, ಬಳಿಕ ಆಸ್ಪತ್ರೆಯ ಸಮಾಜಸೇವಕಿಯಾಗಿ, ಕಡೆಗೆ ವೈದ್ಯೆಯಾಗಿ ದುಡಿದು, 1967ರಲ್ಲಿ ಮರಣಾಸನ್ನರ ಶುಶ್ರೂಷೆಗಾಗಿ ಸೇಂಟ್ ಕ್ರಿಸ್ಟೊಫರ್ ಹೆಸರಿನ ಹಾಸ್ಪಿಸನ್ನು ತೆರೆದಳು. ಎರಡೇ ವರ್ಷಗಳಲ್ಲಿ ಅಲ್ಲಿಯ ದಾದಿಯರು ರೋಗಿಗಳ ಮನೆಗಳಿಗೆ ಹೋಗತೊಡಗಿದರು. ಮುಂಬಯಿಯಲ್ಲಿ 1986ರಲ್ಲಿ ಶಾಂತಿ ಅವೇದನಾ ಎಂಬ ಹಾಸ್ಪಿಸ್ ಪ್ರಾರಂಭವಾಯಿತು. ಬೆಂಗಳೂರಿನಲ್ಲಿ ಭಾರತೀಯ ಕ್ಯಾನ್ಸರ್ ಸಂಸ್ಥೆಯ ಕರ್ನಾಟಕ ಶಾಖೆಯೂ ಇಂದಿರಾನಗರದ ರೋಟರಿ ಕ್ಲಬ್ಬೂ ಕೂಡಿ 1994ರಲ್ಲಿ ಸ್ಥಾಪಿಸಿದ ಟ್ರಸ್ಟು, ‘ಕರುಣಾಶ್ರಯ’ದ ಕಟ್ಟಡವು 1999ರಲ್ಲಿ ಸಿದ್ಧವಾಗುವುದಕ್ಕೆ ಬಹಳ ಮೊದಲೇ, 1995ರಲ್ಲಿಯೇ, ದಾದಿಯರನ್ನು ಮನೆಮನೆಗೆ ಕಳುಹಿಸತೊಡಗಿತು. ಇದು ಯೋಗ್ಯವಾದ ಕ್ರಮವೆಂದೇ ನನಗೆ ತೋರುತ್ತದೆ. ಆದರೆ ಬೆಂಗಳೂರಿನಿಂದ ಹೊರಟ ಆ ದಾದಿಯರು ಶಿರಾದವರೆಗೆ ಬರುವಂತಿರಲಿಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ “ಇನ್ನು ಮನೆಗೆ ಕರೆದುಕೊಂಡು ಹೋಗಿ” ಎಂಬ ಮಾತನ್ನು ಕೇಳಿ ಬಸ್ಸು ಹತ್ತಿದ ಹಳ್ಳಿಗನಿಗೆ ಮುಂದಿನ ದಾರಿ ಕತ್ತಲು. ನೋವಿಗೆ ಮಾರ್ಫಿನ್ ಇದ್ದರೂ 1985ರ ಮಾದಕವಸ್ತು ಕಾನೂನಿನ ಬಿಗಿಯಿಂದ ಅದು ದುರ್ಲಭವಾಗಿತ್ತು. ಅನೇಕ ಪರವಾನಗಿಗಳ ಬದಲು ಒಂದೇ ಸಾಕೆಂಬ ತಿದ್ದುಪಡಿ ಬಂದದ್ದು 2014ರಲ್ಲಿ. 2018ರಿಂದೀಚೆಗೆ ಸರ್ಕಾರಿ ಆರೋಗ್ಯ ಉಪಕೇಂದ್ರಗಳನ್ನು ಮಾರ್ಪಡಿಸಿದಾಗ ಅವುಗಳ ಹನ್ನೆರಡು ಸೇವೆಗಳಲ್ಲಿ ವೃದ್ಧರ ಮತ್ತು ಮರಣಾಸನ್ನರ ಉಪಶಮನ ಸೇವೆಯೂ ಸೇರಿತು. ಕಾಗದದ ಮೇಲೆ ಸೇರಿದ್ದು ಹಾಸಿಗೆಯ ತನಕ ಎಷ್ಟು ತಲುಪಿತೆಂಬುದು ಊರಿನಿಂದ ಊರಿಗೆ ಬೇರೆ.

ಮನೆಗೆ ಹೋಗುವ ದಾದಿಯ ದಿನಚರಿಯಲ್ಲಿ ಘನವಾದದ್ದೇನೂ ಕಾಣುವುದಿಲ್ಲ. ಈ ಸೀಮೆಯಲ್ಲಿ ಎಲೆಅಡಿಕೆ ಹೊಗೆಸೊಪ್ಪಿನಿಂದ ಬಾಯಿ ಹುಣ್ಣಾದವರಿದ್ದಾರೆ, ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದ ಫ್ಲೋರೈಡಿನ ಕೊಳವೆಬಾವಿಯ ನೀರನ್ನು ದಶಕಗಳ ಕಾಲ ಕುಡಿದು ಬೆನ್ನೆಲುಬು ಮರದಂತೆ ಸೆಟೆದವರಿದ್ದಾರೆ, ಲಕ್ವ ಹೊಡೆದವರಿದ್ದಾರೆ. ದುರ್ಗಂಧ ಬರುವ ವ್ರಣಕ್ಕೆ ಮೆಟ್ರೊನಿಡಜೋಲ್ ಗುಳಿಗೆಯನ್ನು ಪುಡಿಮಾಡಿ ಉದುರಿಸುವುದು, ಮಾರ್ಫಿನ್ನನ್ನು ನೋವು ಬಂದಾಗಲ್ಲ, ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ಕೊಡಬೇಕೆಂದು ತಿಳಿಯಹೇಳುವುದು, ಅದರ ಜೊತೆಗೆ ಬರುವ ಮಲಬದ್ಧತೆಗೆ ಮೊದಲೇ ಔಷಧ ಕೊಡುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಕಲಿಸುವುದು, ಒಣಗಿದ ಬಾಯನ್ನು ಒದ್ದೆ ಹತ್ತಿಯಿಂದ ಒರಸುವುದು. ಹೊಸಿಲಲ್ಲೇ ಮಗನೊಬ್ಬ ತಡೆದು, “ಅಪ್ಪಂಗೆ ಕಾಯಿಲೆ ಹೆಸ್ರು ಹೇಳ್ಬ್ಯಾಡಿ” ಎಂದು ಬೇಡುತ್ತಾನೆ, ಒಳಗೆ ಅಪ್ಪ, ಮಗನು ಹೊರಗೆ ಹೋದ ಕ್ಷಣವೇ, “ಅವನಿಗೆ ಗೊತ್ತಾಗೋದು ಬ್ಯಾಡ, ಇನ್ನೆಷ್ಟು ದಿನ?” ಎಂದು ಕೇಳುತ್ತಾನೆ. ಇಬ್ಬರ ಮಾತನ್ನೂ ಕೆಡಿಸದೆ ಇಬ್ಬರನ್ನೂ ಒಂದೆಡೆ ಕೂರಿಸುವ ಚಾತುರ್ಯವನ್ನು ಯಾವ ತರಗತಿ ಕಲಿಸೀತು?

ಆದರೆ ಅವಳು ಕೇಳಲೇಬೇಕಾದ ಪ್ರಶ್ನೆ ನಿರ್ಯಾಪಕರ ಸಂಖ್ಯೆಯದೇ: “ರಾತ್ರಿ ಯಾರು ನೋಡ್ಕಳ್ತೀರಿ?” ಉತ್ತರವೂ ಹಳೆಯದೇ: “ಇನ್ಯಾರಮ್ಮ, ಸೊಸೆ.” ಮಾವನ ಎದುರಿಗೆ ಸೆರಗು ಹೊದ್ದು ತಲೆ ಬಾಗಿಸಿ ನಡೆದ ಹೆಣ್ಣು ಅವನ ಮೈ ತೊಳೆಯಬೇಕು, ಅವಳಿಗೆ ಅದು ಸಂಕೋಚ, ಅವನಿಗೆ ಸಾವಿಗಿಂತ ಮಿಗಿಲಾದ ಹಿಂಸೆ, ಆದ್ದರಿಂದಲೇ ಎಷ್ಟೋ ಮುದುಕರು ಒದ್ದೆಯಾದರೂ ಹೇಳದೆ ಬೆಳಗಿನ ತನಕ ಮಲಗಿರುತ್ತಾರೆ, ಬೆನ್ನು ಹುಣ್ಣಾಗುತ್ತದೆ. ಅನುಭವವುಳ್ಳ ದಾದಿ ಇದಕ್ಕೆ ಉಪನ್ಯಾಸ ಕೊಡುವುದಿಲ್ಲ. ಬಾಗಿಲ ಬಳಿ ಕೈಕಟ್ಟಿ ನಿಂತ ಮಗನನ್ನು ಕರೆದು ಮೊದಲ ದಿನ ಬೋಗುಣಿ ಹಿಡಿದುಕೊಳ್ಳಲು ಹೇಳುತ್ತಾಳೆ, ಎರಡನೆಯ ಭೇಟಿಯಲ್ಲಿ ಭುಜಕ್ಕೊಂದು ಸೊಂಟಕ್ಕೊಂದು ಕೈ ಕೊಟ್ಟು ತಂದೆಯನ್ನು ತನ್ನ ಕಡೆಗೆ ಹೊರಳಿಸುವುದನ್ನು ತೋರಿಸುತ್ತಾಳೆ, ಮೂರನೆಯದರಲ್ಲಿ ಬಟ್ಟೆಯನ್ನೂ ಬಿಸಿನೀರನ್ನೂ ಅವನ ಕೈಗೇ ಕೊಟ್ಟು, ಸೊಸೆಯನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಅವಳ ಊಟವಾಯಿತೇ ಎಂದು ವಿಚಾರಿಸುತ್ತಾಳೆ.