ಅಗ್ನಿಶಾಮಕ ಏಣಿ ವಾಹನಗಳು: ಇತಿಹಾಸ ಮತ್ತು ನಾಗರಿಕರಿಗೆ ಮಾಹಿತಿ
(ಬೀದರ್ ನಗರ, ಭಾಲ್ಕಿ ಹಾಗೂ ಔರಾದ್)

1. ಪೀಠಿಕೆ

ಅಗ್ನಿ ಅನಾಹುತದ ಸಂದರ್ಭದಲ್ಲಿ ಮೇಲಂತಸ್ತುಗಳಲ್ಲಿ ಸಿಲುಕಿದವರನ್ನು ಹೊರಗಿನಿಂದ ರಕ್ಷಿಸಲು ಏಣಿಯೇ ಮುಖ್ಯ ಸಾಧನವಾಗಿರುತ್ತದೆ. ಕಟ್ಟಡ ಪರವಾನಗಿ ಹಾಗೂ ಅಗ್ನಿಶಾಮಕ ನಿರಾಕ್ಷೇಪಣಾ ಪತ್ರಕ್ಕಾಗಿ ಅರ್ಜಿ ಸಲ್ಲಿಸುವ ನಾಗರಿಕರು ಈ ಸಾಧನವು ಬೆಳೆದು ಬಂದ ಬಗೆಯನ್ನೂ ಅದರ ಮಿತಿಯನ್ನೂ ತಿಳಿದಿರುವುದು ಅವಶ್ಯಕ.

2. ಮರದ ಏಣಿಯಿಂದ ಯಂತ್ರದ ಏಣಿಗೆ

ಲಂಡನ್ ನಗರದಲ್ಲಿ 1836ರಲ್ಲಿ ಸ್ಥಾಪನೆಯಾದ ಜೀವರಕ್ಷಣಾ ಸಂಸ್ಥೆಯೊಂದು ಗಾಲಿಗಳ ಮೇಲೆ ತಳ್ಳಿಕೊಂಡು ಹೋಗುವ ಮರದ ಏಣಿಗಳನ್ನು ಬೀದಿಗಳಲ್ಲಿ ಸಿದ್ಧವಾಗಿರಿಸುತ್ತಿತ್ತು. ಜರ್ಮನಿಯ ಉಲ್ಮ್ ನಗರದ ಕಾನ್ರಾಡ್ ಡೀಟ್ರಿಶ್ ಮಾಗಿರುಸ್ ಅವರು 1872ರಲ್ಲಿ ಗೋಡೆಯ ಆಸರೆಯಿಲ್ಲದೆ ನಿಲ್ಲಬಲ್ಲ ಏಣಿಯನ್ನು ರೂಪಿಸಿದರು. 1892ರಲ್ಲಿ ಅವರ ಸಂಸ್ಥೆಯಿಂದ ತಿರುಗುವ ಪೀಠದ ಏಣಿಯು ಹೊರಬಂದಿತು. ಅದನ್ನು ಕುದುರೆಗಳು ಎಳೆಯುತ್ತಿದ್ದವು. 1916ರ ವೇಳೆಗೆ ಏಣಿಯನ್ನು ಎತ್ತುವ, ಚಾಚುವ ಹಾಗೂ ತಿರುಗಿಸುವ ಕೆಲಸಗಳನ್ನು ಮೋಟಾರು ಎಂಜಿನ್ನಿನಿಂದಲೇ ನಡೆಸುವಂತಾಯಿತು. 1930ರ ದಶಕದಲ್ಲಿ ಮರದ ಬದಲು ಉಕ್ಕಿನ ಏಣಿಗಳು ಬಳಕೆಗೆ ಬಂದವು.

1958ರಲ್ಲಿ ಅಮೆರಿಕದ ಶಿಕಾಗೋ ನಗರದ ಅಗ್ನಿಶಾಮಕ ದಳವು, ಮಡಚುವ ತೋಳಿನ ತುದಿಯಲ್ಲಿ ತೊಟ್ಟಿಲಿರುವ ವಾಹನವನ್ನು ಬಳಕೆಗೆ ತಂದಿತು. ಏಣಿ ಹತ್ತಲಾಗದ ವೃದ್ಧರು ಹಾಗೂ ಗಾಯಾಳುಗಳನ್ನು ಇಳಿಸಲು ಇದರಿಂದ ಅನುಕೂಲವಾಯಿತು.

3. ಕರ್ನಾಟಕದಲ್ಲಿ

ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಬೀದರ್ ಪ್ರದೇಶವು 1956ರ ನವೆಂಬರ್ 1ರಂದು ಅಂದಿನ ಮೈಸೂರು ರಾಜ್ಯದಲ್ಲಿ ಸೇರ್ಪಡೆಯಾಯಿತು. ರಾಜ್ಯದ ಅಗ್ನಿಶಾಮಕ ಸೇವೆಯು 1964ರ ಅಗ್ನಿಶಾಮಕ ದಳ ಅಧಿನಿಯಮದ ಮೇರೆಗೆ ಕಾರ್ಯನಿರ್ವಹಿಸುತ್ತದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಹೊಗೆ ತುಂಬಿ, ಕಿಟಕಿಗಳಿಂದ ಹಾರಿದವರೂ ಸೇರಿದಂತೆ 9 ಜನರು ಮೃತಪಟ್ಟರು. 2023ರಲ್ಲಿ 90 ಮೀಟರ್ ಎತ್ತರ ತಲುಪುವ, ಫಿನ್ಲೆಂಡ್ ದೇಶದಲ್ಲಿ ತಯಾರಾದ ಏಣಿ ವಾಹನವನ್ನು ಬೆಂಗಳೂರಿನಲ್ಲಿ ಸೇವೆಗೆ ಸೇರಿಸಲಾಯಿತು.

4. ಬೀದರ್, ಭಾಲ್ಕಿ ಮತ್ತು ಔರಾದ್

ಬೆಂಗಳೂರಿನಿಂದ ಬೀದರ್ ಸುಮಾರು 700 ಕಿ.ಮೀ. ದೂರದಲ್ಲಿದೆ. ಆದ್ದರಿಂದ ರಾಜಧಾನಿಯ ಏಣಿ ವಾಹನವನ್ನು ನೆಚ್ಚಿಕೊಂಡು ಇಲ್ಲಿ ಕಟ್ಟಡ ಕಟ್ಟಲಾಗದು. ದೇಶದ ಅಗ್ನಿಶಾಮಕ ಜಲವಾಹನಗಳ ಮೇಲೆ ಸಾಮಾನ್ಯವಾಗಿ ಕಾಣುವುದು 10.5 ಮೀಟರ್ ಉದ್ದದ, ಚಾಚಬಹುದಾದ ಅಲ್ಯೂಮಿನಿಯಂ ಏಣಿ. ಬೀದರ್ ನಗರದ ಚೌಬಾರಾ ಗೋಪುರದ ಎತ್ತರ ಸುಮಾರು 71 ಅಡಿ. ಸದರಿ ಏಣಿಯು ಅದರ ಅರ್ಧದಷ್ಟನ್ನು ಮಾತ್ರ ತಲುಪಬಲ್ಲದು. ಏಣಿಯ ಬುಡವನ್ನು ಎತ್ತರದ ನಾಲ್ಕನೆಯ ಒಂದು ಭಾಗದಷ್ಟು ಗೋಡೆಯಿಂದ ದೂರವಿರಿಸಬೇಕಾದುದರಿಂದ ಕಟ್ಟಡದ ಪಕ್ಕದಲ್ಲಿ ಸುಮಾರು 2.5 ಮೀಟರ್ ತೆರವು ಸ್ಥಳ ಬೇಕಾಗುತ್ತದೆ. ಹಳೆಯ ಊರಿನ ಇಕ್ಕಟ್ಟಾದ ಓಣಿಗಳಲ್ಲಿ ಈ ಸ್ಥಳವೇ ದೊರೆಯುವುದು ಕಷ್ಟ. ಭಾಲ್ಕಿ ಮತ್ತು ಔರಾದ್ ಪಟ್ಟಣಗಳು ಜಿಲ್ಲಾ ಕೇಂದ್ರದಿಂದ ತಲಾ ಸುಮಾರು 40 ಕಿ.ಮೀ. ದೂರವಿದ್ದು, ಹೆಚ್ಚುವರಿ ನೆರವು ಬರುವವರೆಗೆ ಕಟ್ಟಡದೊಳಗಿನ ಮೆಟ್ಟಿಲೇ ಆಧಾರ.

5. ಅರ್ಜಿದಾರರ ಗಮನಕ್ಕೆ

ಅ) 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು 15 ಮೀಟರ್ ಹಾಗೂ ಅದಕ್ಕಿಂತ ಎತ್ತರದ ಕಟ್ಟಡಗಳನ್ನು ಬಹುಮಹಡಿ ಕಟ್ಟಡಗಳೆಂದು ಪರಿಗಣಿಸುತ್ತದೆ. ಇಂತಹವುಗಳ ಸುತ್ತ ವಾಹನ ಸಂಚರಿಸಲು 6 ಮೀಟರ್ ಅಗಲದ ಗಟ್ಟಿ ನೆಲವಿರತಕ್ಕದ್ದು.

ಆ) ನಕ್ಷೆಯಲ್ಲಿ ತೋರಿಸಿದ ತೆರವು ಸ್ಥಳವನ್ನು ತದನಂತರ ಅಂಗಡಿ, ಶೆಡ್ ಅಥವಾ ವಾಹನ ನಿಲುಗಡೆಗೆ ಬಳಸಬಾರದು.

ಇ) ಮೆಟ್ಟಿಲುಗಳಲ್ಲಿ ಸಾಮಾನು ಇಡಬಾರದು, ಹೊರಹೋಗುವ ಬಾಗಿಲುಗಳಿಗೆ ಬೀಗ ಹಾಕಬಾರದು.

ಈ) ಕಿಟಕಿಗಳಿಗೆ ಕಬ್ಬಿಣದ ಜಾಲರಿ ಅಳವಡಿಸುವುದಾದರೆ ಒಳಗಿನಿಂದ ತೆರೆಯಬಹುದಾದ ಒಂದು ಭಾಗವಿರಲಿ. ತೆರೆಯದ ಕಿಟಕಿಗೆ ಏಣಿ ತಲುಪಿದರೂ ಪ್ರಯೋಜನವಿಲ್ಲ.

ತುರ್ತು ಸಂದರ್ಭದಲ್ಲಿ 101 ಅಥವಾ 112ಕ್ಕೆ ಕರೆ ಮಾಡಿ ಸ್ಥಳ, ಹತ್ತಿರದ ಗುರುತು, ಅಂತಸ್ತುಗಳ ಸಂಖ್ಯೆ ಹಾಗೂ ಸಿಲುಕಿರುವವರ ವಿವರವನ್ನು ತಿಳಿಸುವುದು.