ಸೊಳ್ಳೆ ನಿವಾರಣೆಯ ಚರಿತ್ರೆ ಮತ್ತು ನಮ್ಮ ಊರುಗಳು

ರೋಗಗಳ ಚರಿತ್ರೆಯೂ ನಾಡಿನ ಚರಿತ್ರೆಯ ಒಂದು ಅಂಗವೇ ಆಗಿದೆ. ನಮ್ಮ ಸೀಮೆಯ ವೀರಗಲ್ಲುಗಳು ಕಾಳಗದಲ್ಲಿ ಮಡಿದವರನ್ನು ನೆನೆಯುತ್ತವೆ. ಚಳಿಜ್ವರದಿಂದ ಮಡಿದವರಿಗೆ ಕಲ್ಲು ನಿಲ್ಲಿಸಿದವರಿಲ್ಲ.

ಕೆಟ್ಟ ಗಾಳಿಯೇ ಈ ಜ್ವರಕ್ಕೆ ಮೂಲವೆಂದು ಲೋಕವು ಬಹುಕಾಲ ನಂಬಿತ್ತು. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಅವರು ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದೊಳಗೆ ಮಲೇರಿಯಾ ರೋಗಾಣುವನ್ನು ಕಂಡ ಮೇಲೆ ನಿಜವಾದ ವೈರಿ ಯಾರೆಂಬುದು ತಿಳಿಯಿತು. 1940ರ ದಶಕದ ನಡುಭಾಗದಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಮುಂಬಯಿ ಪ್ರಾಂತದ ಧಾರವಾಡ, ಕಾರವಾರ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯ ಒಳಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಲಾಯಿತು. ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದಗಳು ಆಗ ನೆರೆಯ ವಿಜಾಪುರ ಜಿಲ್ಲೆಯಲ್ಲಿದ್ದವು. ರಕ್ತ ಹೀರಿ ಗೋಡೆಯ ಮೇಲೆ ವಿಶ್ರಮಿಸುವ ಸೊಳ್ಳೆ ಅಲ್ಲಿಯೇ ಸಾಯತೊಡಗಿತು. ಇಂಥ ಯಶಸ್ಸಿನ ಬಲದಿಂದ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ 1958ರಲ್ಲಿ ನಿರ್ಮೂಲನ ಕಾರ್ಯಕ್ರಮವೂ ಆರಂಭವಾದವು. 1965ರ ಹೊತ್ತಿಗೆ ದೇಶದ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿಯಿತು.

ಆದರೆ ಗೆದ್ದೆವೆಂಬ ನೆಮ್ಮದಿಯಲ್ಲಿ ಎಚ್ಚರ ಸಡಿಲವಾಯಿತು. ಸೊಳ್ಳೆಯೂ ಔಷಧವನ್ನು ಅರಗಿಸಿಕೊಂಡಿತು. 1976ರಲ್ಲಿ ರೋಗಿಗಳು 64 ಲಕ್ಷವನ್ನು ಮೀರಿದರು. ಹಳ್ಳಿಯ ಗೋಡೆಗಳನ್ನು ನೋಡಿಕೊಂಡರೆ ಸಾಲದು, ಪಟ್ಟಣದ ನೀರನ್ನೂ ನೋಡಬೇಕೆಂಬ ಅರಿವಿನಿಂದ 1971ರಲ್ಲಿಯೇ ನಗರ ಮಲೇರಿಯಾ ಯೋಜನೆ ಹುಟ್ಟಿಕೊಂಡಿತ್ತು.

ಈ ಅರಿವು ನಮ್ಮ ಊರುಗಳಿಗೆ ಇಂದು ಹೆಚ್ಚು ಸಲ್ಲುತ್ತದೆ. ನಗರದ ಮಲೇರಿಯಾ ಸೊಳ್ಳೆ ಬಾವಿ, ಹೌದು, ಮಾಳಿಗೆಯ ಟಾಕಿಗಳಲ್ಲಿ ಬೆಳೆಯುತ್ತದೆ; ಹಗಲಿನಲ್ಲಿ ಕಚ್ಚಿ ಡೆಂಗೀ, ಚಿಕೂನ್‌ಗುನ್ಯಾಗಳನ್ನು ಹರಡುವ ಸೊಳ್ಳೆಗೆ ಮನೆಯೊಳಗಿನ ತಿಳಿನೀರೇ ತೊಟ್ಟಿಲು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ನೀರು ತುಂಬಿಡುವುದು ದುಂದಲ್ಲ, ಬಾಳುವೆಯ ಅನಿವಾರ್ಯತೆ. ಇಳಕಲ್ಲಿನ ನೇಕಾರನ ಮನೆಯ ಪಿಪಾಯಿ, ಬಾದಾಮಿಯ ಹಿತ್ತಲಿನ ಕಲ್ಲುದೋಣಿ, ಬಾಗಲಕೋಟೆಯ ನವನಗರದಲ್ಲಿ ಕಟ್ಟಡ ಕಟ್ಟುವವರ ತೊಟ್ಟಿ, ಇವೆಲ್ಲವೂ ಮುಚ್ಚಳವಿಲ್ಲದಿದ್ದರೆ ರೋಗದ ಮನೆಗಳೇ.

2024ರಲ್ಲಿ ಕರ್ನಾಟಕ ಸರಕಾರವು ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಎಡೆಗೊಡುವವರಿಗೆ ದಂಡವನ್ನು ಗೊತ್ತುಪಡಿಸಿತು. ನಗರದ ಮನೆಗಳಿಗೆ ಅದು 400 ರೂಪಾಯಿ. ನಿಯಮ ಯೋಗ್ಯವೇ ಸರಿ. ಆದರೆ ನಲ್ಲಿಗೆ ನಿತ್ಯ ನೀರು ಬಿಡದೆ, ನೀರು ಕೂಡಿಟ್ಟವನಿಗೆ ಮಾತ್ರ ದಂಡ ಹಾಕುವುದು ನ್ಯಾಯವೆನಿಸದು. ಹೊಗೆಯ ಯಂತ್ರವು ಹಾರುವ ಸೊಳ್ಳೆಯನ್ನು ಕೊಲ್ಲುತ್ತದೆಯೇ ಹೊರತು ನೀರಿನಲ್ಲಿರುವ ಮರಿಯನ್ನು ಮುಟ್ಟಲಾರದು. ಆದುದರಿಂದ ಪುರಸಭೆಗಳು ನೀರಿನ ಸರಬರಾಜನ್ನು ಸರಿಪಡಿಸಬೇಕು, ಚರಂಡಿ ಹರಿಯಿಸಬೇಕು, ಬಳಸದ ಬಾವಿಗಳಿಗೆ ಮರಿ ತಿನ್ನುವ ಗಪ್ಪಿ ಮೀನು ಬಿಡಬೇಕು, ವರ್ಷವಿಡೀ ಮನೆಮನೆಯ ತಪಾಸಣೆ ನಡೆಸಬೇಕು.

ನಮ್ಮ ಪಾಲಿನ ಕಾಯಕವೂ ಉಂಟು. ತತ್ತಿಯು ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಡೆಂಗೀ ಸೊಳ್ಳೆಯ ತತ್ತಿ ಒಣಗಿದ ಪಾತ್ರೆಯ ಅಂಚಿನಲ್ಲಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಆದಕಾರಣ ನೀರು ಚೆಲ್ಲಿದರೆ ಸಾಲದು. ವಾರಕ್ಕೊಮ್ಮೆ ಪಾತ್ರೆಯನ್ನು ತಿಕ್ಕಿ ತೊಳೆದು, ಒಣಗಿಸಿ, ಮುಚ್ಚಿಡಬೇಕು. ಭಕ್ತರು ತಮ್ಮ ಓಣಿಗಳಲ್ಲಿ ವಾರದ ಒಂದು ದಿನವನ್ನು ಇದಕ್ಕೆ ಗೊತ್ತುಮಾಡಿಕೊಳ್ಳಲಿ. ಒಂದು ಮನೆಯ ತೆರೆದ ಹೌದು ಇಡೀ ಓಣಿಯ ಮಕ್ಕಳಿಗೆ ಜ್ವರ ತರಬಲ್ಲುದೆಂಬುದನ್ನು ಯಾರೂ ಮರೆಯದಿರಲಿ.